ಬೂತಿನಲ್ಲಿ ಕೇಳದೆ ಉಳಿದದ್ದು

ಅಪ್ಪ ನಮ್ಮ ಎಚ್.ಡಿ. ಕೋಟೆ ಕಡೆಯ ಶುಂಠಿಯನ್ನು ಕೇರಳಕ್ಕೆ ಒಯ್ದು ಮಾರುತ್ತಿದ್ದರು. ಊರಿಗೆಲ್ಲ ಒಂದೇ ಎಸ್‌ಟಿಡಿ ಬೂತ್. ಅಲ್ಲಿನ ಬೆಂಚಿನ ಮೇಲೆ ಬೇರೆ ಶುಂಠಿ ವ್ಯಾಪಾರಿಗಳು ಕಿವಿ ನೆಟ್ಟು ಕೂತಿರುತ್ತಿದ್ದರು; ರಿಸೀವರಿನೊಳಗಿನ ದನಿಯೂ ಅವರಿಗೆ ಕೇಳುತ್ತಿತ್ತು. ಅದಕ್ಕೇ ಅಪ್ಪನದೊಂದು ಕಟ್ಟಪ್ಪಣೆ: ಯಾವ ಊರು, ಯಾವ ಲಾಡ್ಜು, ಏನು ರೇಟು ಅಂತ ಫೋನಿನಲ್ಲಿ ಕೇಳಕೂಡದು.

ಅವತ್ತು ಫೋನ್ ಬಂದಾಗ ಅವ್ವ, ನಾನು ಇಬ್ಬರೂ ರಿಸೀವರಿಗೆ ಕಿವಿ ಕೊಟ್ಟೆವು. ಅಪ್ಪನ ದನಿ ಕುಗ್ಗಿತ್ತು.

"ಯಾಕ್ರೀ, ಉಸಾರಾಗಿದ್ದೀರಾ?" ಎಂದಳು ಅವ್ವ.

"ಎದೆ ಯಾಕೋ ಇಡ್ಕೊಂಡಂಗಾಯ್ತದೆ. ಬಂದ್ಮೇಲೆ ಯೋಳ್ತೀನಿ, ಬುಡು."

ಎಲ್ಲಿದ್ದೀರಿ ಎಂಬ ಮಾತು ಅವ್ವನ ಬಾಯಿಗೆ ಬಂದಿತ್ತು. ಬೆಂಚಿನ ಕಡೆ ನೋಡಿ ನುಂಗಿಕೊಂಡಳು.

ಅವ್ವ ಕೇರಳಕ್ಕೆ ಅಟ್ಟಿದ ಚಿಕ್ಕಪ್ಪ ಊರೂರು ಸುತ್ತಿ, ಲಾಡ್ಜಿನಿಂದ ಲಾಡ್ಜಿಗೆ ಅಲೆದು ಹುಡುಕುವಷ್ಟರಲ್ಲಿ ಅಪ್ಪ ತೀರಿಹೋಗಿದ್ದರು. ಆ ಸುಡುಗಾಡು ರೇಟು ಮಾತ್ರ ಕೊನೆಗೂ ಯಾರ ಕಿವಿಗೂ ಬೀಳಲಿಲ್ಲ.