ಪ್ರೆಸಿಡೆಂಟರ ಆರ್ಡರು

2004ರ ಫೆಬ್ರವರಿ ಇಪ್ಪತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ರಾಯದುರ್ಗದ ನನ್ನ ಮನೆಯ ಪಡಸಾಲೆಯಲ್ಲಿ ಮೂವರು, ಬಾಗಿಲಲ್ಲಿ ಒಬ್ಬ: ನಾನು, ನನ್ನಲ್ಲಿ ಜೀನ್ಸ್ ಹೊಲಿಯುತ್ತಿದ್ದ ಇಬ್ಬರು ಹೆಂಗಸರು, ಅವರಲ್ಲೊಬ್ಬಳ ಅಣ್ಣ. ಅಣ್ಣ ಮಡಕಶಿರಾ ಕಡೆಯ ಗುಡಿಬಂಡೆಯಿಂದ ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಿಸುತ್ತ ಬಂದಿದ್ದ. ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತಿದ್ದ.

"ನಮ್ಮೂರ ಪ್ರೆಸಿಡೆಂಟ್ರು ಆರ್ಡರ್ ಮಾಡವ್ರಂತೆ ಕಣಮ್ಮ. ಇವ್ರಿಬ್ರೂ ಒಂದೇ ಮನೇಲಿ ಇರಂಗಿಲ್ಲ ಅಂತ. ತಂಗೀನ ಕಳಿಸ್ಕೊಡಿ, ಕರ್ಕಂಡ್ ಹೋಗ್ತೀನಿ."

ನಾನು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಪಡಸಾಲೆಯಲ್ಲಿ ಎರಡು ಮಿಷಿನ್ ಹಾಕಿಸಿದ್ದೆ. ಪೇಟೆಯಿಂದ ಕಟಿಂಗ್ ಮಾಸ್ಟರ್ ಕತ್ತರಿಸಿದ ಪ್ಯಾಂಟಿನ ಬಟ್ಟೆಯ ಬಂಡಲ್ ತಂದು ಹಾಕುತ್ತಿದ್ದ. ಒಬ್ಬಳು ಹೊಲಿಯುವುದು, ಇನ್ನೊಬ್ಬಳು ಎಳೆ ಬಿಚ್ಚದಂತೆ ಅಂಚಿಗೆ ಓವರ್‌ಲಾಕ್ ಹಾಕುವುದು. ಹೀಗೆ ಸೇರಿ ಒಂದು ಬಂಡಲ್ ಮುಗಿಸುವ ಇಬ್ಬರನ್ನು ನಮ್ಮೂರಿನಲ್ಲಿ ಜೋಡಿ ಎನ್ನುತ್ತಾರೆ. ಒಬ್ಬಳು ಬಾರದಿದ್ದರೆ ಇನ್ನೊಬ್ಬಳಿಗೂ ಅಂದು ಕೆಲಸವಿಲ್ಲ.

ಹೊಲಿಯುವವಳು ಕಣೇಕಲ್ಲಿನವಳು, ಗಂಡನ ಮನೆ ಬಿಟ್ಟು ಬಂದವಳು. ಓವರ್‌ಲಾಕ್ ಹಾಕುವವಳು ಗುಡಿಬಂಡೆಯವಳು, ಮದುವೆಯಾಗದವಳು. ಹಿಂದಿನ ಕೋಣೆಯಲ್ಲಿ ಇಬ್ಬರೂ ಇದ್ದರು. ಬೀದಿಯವರು "ಆ ಜೋಡಿ" ಎಂದರೆ ಅದರಲ್ಲಿ ಬೇರೆ ಅರ್ಥವಿರಲಿಲ್ಲ. ಇನ್ನೊಂದು ಅರ್ಥವೂ ಇದೆ ಎಂದು ನನಗೆ ಗೊತ್ತಿತ್ತು. ಹೆಣ್ಣುಮಕ್ಕಳ ನಡುವೆಯೇ ವಯಸ್ಸು ಕಳೆದವಳಿಗೆ ಅಷ್ಟು ತಿಳಿಯದೆ ಇರುವುದಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು, ಕೋಣೆ ಚೊಕ್ಕಟವಾಗಿಡುತ್ತಿದ್ದರು.

ಅಣ್ಣ ಬರುವ ಮೊದಲಿನ ಬುಧವಾರ ಕಟಿಂಗ್ ಮಾಸ್ಟರ್ ಬಂಡಲ್ ಇಳಿಸಿ, ನನ್ನ ತೆಲುಗು ಪೇಪರ್ ಬಿಡಿಸಿಕೊಂಡು ಕುಳಿತಿದ್ದ. ಗಂಡಸರು ಗಂಡಸರು, ಹೆಂಗಸರು ಹೆಂಗಸರು ಮದುವೆಯಾಗಬಾರದು ಎಂದು ಸಂವಿಧಾನದಲ್ಲೇ ಬರೆಯಬೇಕು, ಅದಕ್ಕೆ ತಿದ್ದುಪಡಿ ತರಬೇಕು ಎಂದು ಅಮೆರಿಕದ ಅಧ್ಯಕ್ಷರು ಹೇಳಿದ ಸುದ್ದಿ. ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿಂದ ನೋಡಿದ.

"ಏನ್ರವ್ವಾ ಜೋಡಿ, ಕೇಳಿದ್ರೇನು? ಪ್ರೆಸಿಡೆಂಟ್ ನಿಮ್ಮ ಜೋಡಿ ಮುರಿಯಾಕ ಹೊಂಟಾನ!"

"ಮುರದ್ರ ನಿನ್ನ ಬಂಡಲ್ ಯಾರು ಹೊಲೀತಾರೋ ಮಾವ?" ಎಂದಳು ಕಣೇಕಲ್ಲಿನವಳು. "ಅವನ್ನೇ ಕರಸು. ಓವರ್‌ಲಾಕ್‌ಗೆ ಕೂಡಸ್ತೀನಿ."

ನಾನೂ ನಕ್ಕೆ. ಗುಡಿಬಂಡೆಯವಳು ಮಾತ್ರ ಮಿಷಿನ್ ನಿಲ್ಲಿಸಿ ಪೇಪರ್ ಇಸಿದುಕೊಂಡು, ತೆಲುಗು ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

ಮಾಸ್ಟರ್ ಆ ತಮಾಷೆಯನ್ನು ಬಂಡಲ್ ಹಾಕಿದ ಮನೆಗಳಲ್ಲೆಲ್ಲ ಹೇಳಿದ. ಹೊಲಿಗೆಗೆ ಬಂದಿದ್ದ ಮಡಕಶಿರಾ ಕಡೆಯವರು ಯಾರೋ ಅದನ್ನು ಊರಿಗೆ ಒಯ್ದರು. ದಾರಿಯಲ್ಲಿ ಎಲ್ಲೋ ಅಮೆರಿಕ ಬಿದ್ದುಹೋಗಿ ಪ್ರೆಸಿಡೆಂಟ್ ಮಾತ್ರ ಉಳಿದ. ನಮ್ಮ ಹಳ್ಳಿಗಳಲ್ಲಿ ಪ್ರೆಸಿಡೆಂಟ್ ಎಂದರೆ ಪಂಚಾಯಿತಿಯ ಸರ್ಪಂಚ್.

ಪೇಪರ್ ತಂದು ಅಣ್ಣನಿಗೆ ತೋರಿಸಿದೆ. "ಇವನು ಅಮೆರಿಕದ ಪ್ರೆಸಿಡೆಂಟಪ್ಪ. ನಿಮ್ಮೂರಿನವರಲ್ಲ. ಇದಿನ್ನೂ ಆರ್ಡರ್ ಅಲ್ಲ, ಆಗಬೇಕು ಅಂತ ಅವನ ಸರ್ಕಾರದ ಅಭಿಪ್ರಾಯ. ಅಲ್ಲಿನ ಸಭೆಗಳು ಒಪ್ಪಬೇಕು, ರಾಜ್ಯಗಳು ಒಪ್ಪಬೇಕು."

ಅವನು ಫೋಟೋ ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ. "ಥೂ, ಇವ್ನಾ! ನಾನು ನಮ್ಮ ಪ್ರೆಸಿಡೆಂಟ್ರಿಗೆ ತಲೆ ತಪ್ಪಿಸ್ಕಂಡು ಓಡಾಡ್ತಿದ್ದೆ. ಮೊನ್ನೆ ಪಾಪ, ಕಾಫಿ ಕುಡಿ ಬಾರೋ ಅಂತ ಕೂಗಿದ್ರು. ಹೊಲದಾಗೆ ಬಿದ್ದು ಓಡ್ದೆ."

ಅವನ ತಂಗಿಯೂ ನಕ್ಕಳು. ಊಟ ಹಾಕಿದೆವು. ಎಲ್ಲ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಕೈ ತೊಳೆಯುತ್ತ ಅವನು ತಂಗಿಗೆ ಹಗುರಾಗಿಯೇ ಅಂದ: "ಅಂಥದ್ದೇನೂ ಇಲ್ಲ ಅಂತ ಒಂದ್ ಮಾತು ಹೇಳ್ಬಿಡಮ್ಮ. ಊರಲ್ಲಿ ಯಾರಾದ್ರೂ ಕೇಳಿದ್ರೆ ಬಾಯ್ ಮುಚ್ಚಿಸ್ತೀನಿ."

"ಏನೂ ಇಲ್ರಿ ಅಣ್ಣಾರ," ಎಂದು ಕಣೇಕಲ್ಲಿನವಳು ತಟ್ಟನೆ ಹೇಳಿದಳು. "ಕೆಲಸದ ಜೋಡಿ ಅಷ್ಟ."

ಗುಡಿಬಂಡೆಯವಳು ಅವಳತ್ತ ತಿರುಗಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: "ಅಮ್ಮ, ಬ್ಯಾಡ ಅಂತ ಕಾನೂನು ತರ್ಬೇಕು ಅಂದ್ರೆ ಅಲ್ಲಿ ಮಾಡ್ಕಂಡವ್ರೆ ಅಂತ ಆಯ್ತಲ್ವಾ? ಇಬ್ರು ಹೆಂಗಸ್ರು?"

"ಮಾಡಿಕೊಂಡಿದ್ದಾರೆ. ಒಂದೂರಲ್ಲಿ ಸಾಲು ನಿಂತಿದ್ದರಂತೆ."

"ಸಾಲಾಗಿ ನಿಂತ್ಕಂಡಾ?" ಎಂದಳು. ಅಣ್ಣನತ್ತ ತಿರುಗಿ, "ನಾನು ಸುಳ್ಳು ಹೇಳಲ್ಲ ಕಣಣ್ಣ."

ಅವನು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ ಟವೆಲ್ ಮಡಿಸಿಟ್ಟು, "ಬಟ್ಟೆ ತಗೋ," ಎಂದ.

ವಯಸ್ಸಿಗೆ ಬಂದ ಹೆಣ್ಣು, ಅವಳಿಗೆ ಇಷ್ಟವಿಲ್ಲದಿದ್ದರೆ ನನ್ನ ಮನೆಯಿಂದ ಯಾರೂ ಕರೆದೊಯ್ಯುವಂತಿಲ್ಲ ಎಂದೆ.

"ನಮ್ಮವ್ವನ ಮುಂದೆ ನೀವ್ ಬಂದು ಹೇಳ್ತೀರಾ ತಾಯಿ?" ಎಂದ.

ತಂಗಿಯೇ ಎದ್ದಳು. "ನಾನು ಹೋಗ್ದಿದ್ರೆ ನಾಳೆ ದೊಡ್ಡಪ್ಪನ ಮಕ್ಕಳು ಬರ್ತಾರೆ ಅಮ್ಮ. ಅವ್ರು ಅಣ್ಣನಂಗಲ್ಲ. ಇವಳನ್ನ ಸುಮ್ನೆ ಬಿಡಲ್ಲ."

ಕೋಣೆಯಲ್ಲಿ ಬಟ್ಟೆ ಮಡಿಸುವಾಗ ಅವರ ಮಾತು ಪಡಸಾಲೆಗೆ ಕೇಳುತ್ತಿತ್ತು.

"ಯಾಕ ಹೇಳಿದಿ? ಇಲ್ಲ ಅಂದಿದ್ರ ಮುಗೀತಿತ್ತಲ್ಲ."

"ನೀನು ಇಲ್ಲ ಅಂದ್ಯಲ್ಲ. ಅದನ್ನ ಕೇಳಕ್ಕಾಗ್ಲಿಲ್ಲ ಕಣೆ."

ಎರಡು ಗಂಟೆಯ ಕಲ್ಯಾಣದುರ್ಗದ ಬಸ್ಸಿಗೆ ಹೋದರು. ಟ್ರಂಕನ್ನು ಒಂದು ಕಡೆ ಅವಳು, ಇನ್ನೊಂದು ಕಡೆ ಕಣೇಕಲ್ಲಿನವಳು ಹಿಡಿದಿದ್ದರು. ಅಣ್ಣ ಹಿಂದೆ ನಡೆದ.

ಅಮೆರಿಕದಲ್ಲಿ ಆ ತಿದ್ದುಪಡಿ ಮುಂದಕ್ಕೆ ಹೋಗಲಿಲ್ಲ. ಅದೇ ವರ್ಷ ಅಲ್ಲಿನ ಸಭೆಯಲ್ಲಿ ಸಾಕಷ್ಟು ಬೆಂಬಲ ಸಿಗದೆ ನಿಂತಿತೆಂದು ಪೇಪರಿನ ಒಳಪುಟದಲ್ಲಿ ಓದಿದೆ. ಅಷ್ಟರಲ್ಲಿ ಗುಡಿಬಂಡೆಯವಳನ್ನು ಹಿಂದೂಪುರದ ಕಡೆ ಯಾರಿಗೋ ಎರಡನೆಯ ಸಂಬಂಧಕ್ಕೆ ಕೊಟ್ಟಿದ್ದರು. ಹೀಗೆಂದು ಕೇಳಿದ್ದಷ್ಟೆ. ಅವಳನ್ನು ಮತ್ತೆ ನಾನು ನೋಡಲಿಲ್ಲ.

ಆ ಭಾನುವಾರ ಕಣೇಕಲ್ಲಿನವಳು ಬಸ್ ಸ್ಟ್ಯಾಂಡಿನಿಂದ ಬಂದವಳೇ ಓವರ್‌ಲಾಕ್ ಮಿಷಿನ್ ಮುಂದೆ ಕುಳಿತಳು. ಬುಧವಾರದ ಬಂಡಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಸೋಮವಾರ ಬೆಳಿಗ್ಗೆ ಕೊಡಬೇಕಿತ್ತು.

"ಇವತ್ತು ಬಿಡವ್ವ. ಮಾಸ್ಟರಿಗೆ ನಾನು ಹೇಳ್ತೀನಿ," ಎಂದೆ.

"ಏನಂತ ಹೇಳ್ತೀರ್ರಿ ಅಮ್ಮಾರ?" ಎಂದಳು, ತಲೆಯೆತ್ತದೆ.

ಆ ಮಿಷಿನ್ನು ಅವಳ ಕಾಲಿಗೆ ಒಗ್ಗಿರಲಿಲ್ಲ. ಬಟ್ಟೆ ಸುಕ್ಕಾಗಿ ದಾರ ಹರಿಯುತ್ತಿತ್ತು. ಹರಿದಾಗೆಲ್ಲ ಪೋಣಿಸುತ್ತಿದ್ದಳು. ಅಲ್ಲಿ ಅಂಚು ಮುಗಿಸಿ, ಎದ್ದು ತನ್ನ ಮಿಷಿನ್ನಿಗೆ ಬಂದು ಹೊಲಿದು, ಮತ್ತೆ ಅಲ್ಲಿಗೇ ಹೋಗುತ್ತಿದ್ದಳು. ನಾನು ಕತ್ತರಿ ತೆಗೆದುಕೊಂಡು ನೆಲದಲ್ಲಿ ಕುಳಿತು ಜೋತುಬಿದ್ದ ದಾರಗಳನ್ನು ಕತ್ತರಿಸಿದೆ. ದೀಪ ಹಚ್ಚುವ ಹೊತ್ತಿಗೆ ಕೊನೆಯ ಪ್ಯಾಂಟು ಮುಗಿಯಿತು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ಹಿಡಿದೆ. ಬಂಡಲ್ ಬಿಗಿದು ಕಟ್ಟಿ ಬಾಗಿಲ ಪಕ್ಕಕ್ಕೆ ಸರಿಸಿದೆವು.