ಬಚ್ಚಲ ಒಲೆಯಲ್ಲಿ ಎರಡು ಪೌಂಡು, ಇಲ್ಲವೇ ಮೂರು

೧೯೭೪ರ ಒಂದು ಬೆಳಿಗ್ಗೆ ಸಿಂದಗಿಯ ರೇವಣಪ್ಪನ ಹೋಟೆಲಿನಲ್ಲಿ ಖಂಡೆಪ್ಪನವರು ಬ್ರಿಟಿಷ್ ಟ್ಯಾಂಕಿನ ತೋಪಿನಿಂದ ಗುರಿ ಹಿಡಿಯುವುದನ್ನು ತೋರಿಸಲು ಹೋಗಿ ಕಪ್ಪು-ಬಸಿಗಳ ಕಪಾಟಿಗೆ ಭುಜ ಕೊಟ್ಟರು.

"ಚಕ್ರ ತಿರುವೂದಿಲ್ರಿ. ಟ್ಯಾಂಕು ಓಡ್ತಿರತೈತಿ, ತೋಪು ಹೆಗಲಿಲೆ ಏರಸೂದು, ಇಳಸೂದು. ಹಿಂಗ..."

ಕಪಾಟು ಇಳಿಯಿತು. ಜೊತೆಗೆ ಒಂದು ಕಿಟ್ಲಿ ಚಹವೂ, ಅವರ ಧೋತರದ ಮೇಲೆ.

"ಯುದ್ಧ ಮುಗೀತೇನ್ರಿ ಕಾಕಾ, ಇನ್ನಾ ಐತ್ರಿ?" ಎಂದ ರೇವಣಪ್ಪ.

ಧೋತರ ಬದಲಿಸಲು ಹೊರಟವರ ಜೊತೆ ನಾನೂ ನಡೆದೆ. ಮೋರಟಗಿಯಿಂದ ಬಂದು ಸಿಂದಗಿಯಲ್ಲಿ ನೆಲೆಸಿದ ಈ ಮನುಷ್ಯ ಹರೆಯದಲ್ಲಿ ಪುಣೆಯ ಕಡೆ ಒಂದು ಮದ್ದುಗುಂಡಿನ ಗೋದಾಮಿನಲ್ಲಿ ಹಮಾಲರಾಗಿದ್ದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ವಿಲಾಯತಿಯವರು ಟ್ಯಾಂಕಿಗೆ ಮೂರು ಪೌಂಡು ತೂಕದ ಗುಂಡು ಹಾರಿಸುವ ತೋಪು ಹಾಕಿದರಂತೆ. ಮುಂದೆ ಕವಚಗಳು ದಪ್ಪವಾದಂತೆ ಎರಡು ಪೌಂಡಿನದು ತಂದರಂತೆ. ತೂಕ ಇಳಿದು ವೇಗ ಏರಿತು. (ನಮ್ಮ ಕಚೇರಿಗಳಲ್ಲಿ ವೇಗ ಇಳಿದು ತೂಕ ಏರುತ್ತದೆ.) ಎರಡರ ಗುಂಡು ಬರೀ ಗಟ್ಟಿ ಉಕ್ಕು, ತೂರುತ್ತದೆ, ಸಿಡಿಯುವುದಿಲ್ಲ. ಮೂರರದರಲ್ಲಿ ಮಾತ್ರ ಹೊಟ್ಟೆಗೆ ಮದ್ದು ತುಂಬಿದ್ದೂ ಇತ್ತು. ಗುರುತೆಂದರೆ ಬುಡದಲ್ಲೊಂದು ತಿರುಪಿನ ಮುಚ್ಚಳ. ಅವರು ನೌಕರಿ ಬಿಡುವಾಗ ನೆನಪಿಗೆ ಒಂದು ಗುಂಡು ತಂದು, ಕಪ್ಪು ಬಣ್ಣ ಬಳಿದು, ಬಾಗಿಲು ಬಡಿಯದಂತೆ ಅದಕ್ಕೆ ಒತ್ತಿಟ್ಟಿದ್ದರು.

ಮನೆಗೆ ಬಂದರೆ ಬಾಗಿಲು ಗಾಳಿಗೆ ಬಡಿಯುತ್ತಿತ್ತು.

"ಗುಂಡೆಲ್ಲೇ?"

"ಬಚ್ಚಲ ಒಲಿಯೊಳಗ" ಎಂದಳು ಹೆಂಡತಿ ರುಕ್ಮವ್ವ. "ಬಾಣಂತಿಗಿ ಕಬ್ಬಣ ಕಾಸಿ ಅದ್ದಿದ ನೀರು ಕೊಡಬೇಕಲ್ಲ? ದಿನಾ ಕಾಸೂ ಕಬ್ಬಣದ ಹಾರಿ ಬಾಜೂ ಮನಿ ಪರಸಪ್ಪ ಒಯ್ದಾನ. ತಾಸ ಆತು, ಇನ್ನೇನ ಕೆಂಪಗ ಆಗತೈತಿ."

ಖಂಡೆಪ್ಪನವರ ಮುಖ ಬೂದಿಯಾಯಿತು. "ಯಾವುದು ತಂದಿದ್ನೋ ನೆಪ್ಪಿಲ್ರಿ" ಎಂದು ನನ್ನ ಕಿವಿಯಲ್ಲಿ ಅಂದರು. "ಮೂರರದೋ, ಎರಡರದೋ."

ಬಾಣಂತಿ ಅವರ ಮಗಳು ಚನ್ನವ್ವ. ಹನ್ನೆರಡು ದಿನದ ಕೂಸಿನೊಂದಿಗೆ ಬಚ್ಚಲಿನ ಆಚೆ ಕೋಣೆಯಲ್ಲಿದ್ದಳು. ಆ ಕೋಣೆಗೆ ಒಲೆಯ ಮುಂದಿನಿಂದಲೇ ದಾರಿ. ಕರೆದರೆ ಆಕೆ ಗುಂಡಿನ ಪಕ್ಕದಿಂದಲೇ ಬರಬೇಕು. ಕರೆಯದಿದ್ದರೆ ಅದರ ಪಕ್ಕದಲ್ಲೇ ಇರಬೇಕು.

ನಮ್ಮನ್ನು ಓಣಿಗೆ ಅಟ್ಟಿ, ಇಕ್ಕಳ ಹಿಡಿದು ಅವರು ಒಳಹೊಕ್ಕರು. ರುಕ್ಮವ್ವ ನನ್ನ ತೋಳು ಹಿಡಿದಿದ್ದಳು. ಉಗುರು ನೆಟ್ಟಿದ್ದು ಆಮೇಲೆ ಗೊತ್ತಾಯಿತು. ಒಳಗೆ ಕೂಸು ಅಳುತ್ತಿತ್ತು. ತಟಕ್ಕನೆ ನಿಂತಿತು. ಇಕ್ಕಳ ಕಲ್ಲಿಗೆ ತಾಗಿದ ಸದ್ದು. ಮತ್ತೆ ಏನೂ ಇಲ್ಲ. ನಾನು ಬಲ್ಲ ದೇವರನ್ನೆಲ್ಲ ಕರೆದೆ, ಕಾನ್ವೆಂಟ್ ಶಾಲೆಯ ಸಿಸ್ಟರುಗಳು ಕಲಿಸಿದ ದೇವರನ್ನೂ ಸೇರಿಸಿ.

ಚೊಂಯ್ ಎಂದಿತು ನೀರು.

"ಎರಡರದೈತಿ, ಗಟ್ಟಿ ಗುಂಡು!" ಎಂದು ಅವರ ದನಿ. "ಚನ್ನವ್ವಾ, ಕೂಸಿನ್ನ ತಗೊಂಡು ಸಾವಕಾಶ ಬಿಸಲಿಗಿ ಬಾ ಯವ್ವಾ."

ಚನ್ನವ್ವ ಆಕಳಿಸುತ್ತ ಬಂದಳು. ಹಿಂದೆಯೇ ಬಂದ ಖಂಡೆಪ್ಪನವರು ಮನೆಯಿಂದ ನಾಲ್ಕು ಮನೆ ದಾಟಿ ಕಟ್ಟೆಯ ಮೇಲೆ ಕುಸಿದರು. ಇಕ್ಕಳ ಇನ್ನೂ ಕೈಯಲ್ಲೇ ಇತ್ತು.

"ಅಷ್ಟು ಹೊಗಿಯೊಳಗ ಬುಡಕ ಮುಚ್ಚಳ ಇಲ್ಲಂತ ಹೆಂಗ ನೋಡಿದ್ರಿ?" ಎಂದು ಕೇಳಿದೆ.

"ಎಲ್ಲಿ ನೋಡಿದೆ? ಕಣ್ಣ ಮುಚಗೊಂಡ ಎಳದೇನಿ. ಆಕಿ ಗಾಬರಿಯಾಗಿ ಎಡವ್ಯಾಳಂತ ಹಂಗಂದೆ" ಎಂದರು. "ಬಕೇಟನ್ಯಾಗ ಐತಿ. ನಿಮಗ ಚಷ್ಮಾ ಐತಲ್ರಿ, ನೀವ ಹೋಗಿ ನೋಡಿ ಬರ್ರಿ."