ಜಿಂಕೆಗೆ ನೆನೆಸಿದ ಹಿಂಡಿ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋದರೆ ಕೊಬ್ಬರಿ ಹಿಂಡಿ ನೆನೆಸಿದ ವಾಸನೆ. ತೆಂಗಿನ ಸೀಮೆಯಲ್ಲಿ ಇದೇನು ದೊಡ್ಡ ವಿಷಯ ಅಂತೀರಿ. ಮನೆಯಲ್ಲಿ ಹಸು ಇದ್ದಿದ್ದರೆ ನಾನೂ ಹಾಗೇ ಅಂದುಕೊಂಡು ಒಳಗೆ ಬರುತ್ತಿದ್ದೆ. ಆದರೆ ನಮ್ಮ ಕೊಟ್ಟಿಗೆ ಖಾಲಿಯಾಗಿ ವರ್ಷ ಕಳೆದಿದೆ.

"ಯಾರಿಗೇ ಇದು?" ಅಂದೆ.

"ಜಿಂಕೆಗೆ ಅತ್ತೆ," ಅಂದಳು ನನ್ನ ಸೊಸೆ ಸುಧಾ, ಬಾಂಡ್ಲಿಗೆ ರಾಗಿ ಸುರಿಯುತ್ತಾ. "ನೆನ್ನೆ ಗುಡ್ಡದ ಹತ್ರ ನೋಡ್ದೆ. ಪಕ್ಕೆಲುಬು ಎಣಿಸ್ಬೋದು, ಹಂಗಾಗವೆ ಪಾಪ. ಸಾಯಂಕಾಲ ಬೇಲಿ ಆಚೆ ಇಟ್ಟು ಬತ್ತೀನಿ."

"ಒಳ್ಳೇದು" ಅಂದುಬಿಟ್ಟೆ. ಅಂದವಳು ಸುಮ್ಮನೆ ಕೂತೆನೇ? ಪೇಪರಿನ ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ನೆನಪಾಗಲಿಲ್ಲ. ಜಗಲಿಗೂ ಹಿತ್ತಿಲಿಗೂ ಎಷ್ಟು ಸಲ ತಿರುಗಿದೆನೆಂದರೆ, ಸುಧಾ "ಏನಾದ್ರೂ ಕಳ್ಕೊಂಡ್ರಾ ಅತ್ತೆ?" ಅಂತ ಕೇಳಿದಳು. ಕಳೆದುಕೊಂಡದ್ದು ಹೌದು. ಅದು ಇವತ್ತಿನದಲ್ಲ, ಅಷ್ಟೆ.

ನಾನು ಮದುವೆಯಾಗಿ ಹಾಲ್ಕುರಿಕೆ ಕಡೆಯ ಈ ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ಸೀರೆಗಿಂತ ಇಂಗ್ಲಿಷ್ ಪುಸ್ತಕಗಳೇ ಜಾಸ್ತಿ ಇದ್ದವು. ಬೆಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಮುಳ್ಳು ಚುಚ್ಚಿದರೂ "ಔಚ್" ಅನ್ನುತ್ತಿದ್ದೆ, ಆಳುಗಳು ನಗುತ್ತಿದ್ದರು. ನಮ್ಮ ತೋಟದ ಹಿಂದೆ ಬೋಳು ಗುಡ್ಡದ ಇಳಿಜಾರು, ಅದರ ಬುಡದಲ್ಲಿ ನೀರಿನ ಸಣ್ಣ ಕಟ್ಟೆ. ಆ ಇಳಿಜಾರಿಗೆ ಕೃಷ್ಣಮೃಗದ ಹಿಂಡೊಂದು ಬರುತ್ತಿತ್ತು. ಸುರುಳಿ ಕೊಂಬಿನ ಕಪ್ಪು ಗಂಡು ಮುಂದೆ, ಹೆಣ್ಣುಗಳು ಹಿಂದೆ. ಮೊದಲ ಸಲ ಕಂಡ ದಿನ ಅಡುಗೆ ಸೀದುಹೋಯಿತು.

ಒಂದು ಬೇಸಿಗೆಯಲ್ಲಿ ಆ ಹಿಂಡು ಬಡಕಲಾಯಿತು. ಗಂಡಿನ ಕಪ್ಪು ಮಾಸಿತು, ಮರಿಗಳು ಉಳಿಯಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ "ಹರ್ಡ್ ಇಂಪ್ರೂವ್‌ಮೆಂಟ್", ಅಂದರೆ ಹಿಂಡಿನ ಸುಧಾರಣೆ, ಅಂತ ಹೆಡಿಂಗ್ ಕೊಟ್ಟು, ಅಡಿಗೆರೆ ಎಳೆದು, ಜಿಂಕೆಗಳಿಗೆ ಡಯಟ್ ಚಾರ್ಟ್ ಬರೆದೆ. ನಗಬೇಡಿ. "ನಿಮ್ಮ ಕಾನ್ವೆಂಟಿಗೆ ಹೊಸ ಅಡ್ಮಿಷನ್ನಾ?" ಅಂತ ಯಜಮಾನರು ಆಗಲೇ ಸಾಕಷ್ಟು ನಕ್ಕಿದ್ದಾರೆ. ಹಸಿದವರನ್ನು ಕಂಡೂ ಕೈಕಟ್ಟಿ ಕೂರುವುದು ಪಾಪ ಅಂತ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಕೈಕಟ್ಟಿ ಕೂರುವುದೇ ಉಪಕಾರವಾಗುವ ಕಾಲವೂ ಉಂಟೆಂಬ ಪಾಠ ಸಿಲಬಸ್ಸಿನಲ್ಲಿರಲಿಲ್ಲ.

ಬಾಂಡ್ಲಿ ತುಂಬಾ ಹಿಂಡಿ, ರಾಗಿ ಕಲಸಿ ಬೇಲಿ ಆಚೆ ಇಡುವಾಗ ಕುರಿ ಕಾಯುವ ಬೀರಪ್ಪ ಎದುರಾದ. ಹೆಗಲ ಮೇಲೆ ಕಂಬಳಿ, ಹಿಂದೆ ಕಂದು ಬಣ್ಣದ ನಾಯಿ.

"ಬ್ಯಾಡ ಕಣ್ರವ್ವ. ರಾಗಿ ರಾಶಿಗೆ ಬಾಯಾಕಿದ ಕುರಿ ಬದುಕಾಕಿಲ್ಲ. ಹುಲ್ಲು ತಿಂದ ಹೊಟ್ಟೆಗೆ ಒಂದೇ ಸಲ ಕಾಳು ಬಿದ್ರೆ ಹುಳಿ ಬಂದು ಉಬ್ಬರಿಸ್ತದೆ. ಜಿಂಕೇದೂ ಅಂಥದ್ದೇ ಹೊಟ್ಟೆ."

"ಇದು ಸೈಂಟಿಫಿಕ್ ಬೀರಪ್ಪ," ಅಂದೆ.

"ಇರಬೌದು ಬುಡ್ರವ್ವ. ಅದು ಜಿಂಕೇಗೆ ಗೊತ್ತಾ?"

ಮೂರನೇ ದಿನ ಬೆಳಿಗ್ಗೆ ಒಂದು ಹೆಣ್ಣು ಜಿಂಕೆ ಬೇಲಿಯ ಬಳಿ ಸತ್ತು ಬಿದ್ದಿತ್ತು. ಹೊಟ್ಟೆ ಮಡಕೆಯಂತೆ ಊದಿತ್ತು. ಬಾಯಂಚಿನಲ್ಲಿ ರಾಗಿ ಅಂಟಿತ್ತು. ನಾನು ಸೆರಗಿನಿಂದ ಆ ರಾಗಿ ಒರೆಸಿದೆ. ಯಾಕೆ ಒರೆಸಿದೆ ಅಂತ ಇಷ್ಟು ವರ್ಷ ನನ್ನನ್ನೇ ಕೇಳಿಕೊಳ್ಳದೆ ತಪ್ಪಿಸಿಕೊಂಡಿದ್ದೇನೆ. ಯಜಮಾನರು ಬಂದು "ಏನಾಯ್ತು?" ಅಂದಾಗ ಬಾಯಿಗೆ ಬಂದದ್ದು ಒಂದೇ ಮಾತು: "ನಾಯಿ ಅಟ್ಟಿರಬೇಕು."

ಊರಿನಲ್ಲಿ ಗುಡ್ಡ ತಿರುಗುವ ನಾಯಿ ಇದ್ದದ್ದು ಒಂದೇ.

ಯಜಮಾನರು ಸಿಟ್ಟಿನವರಲ್ಲ. ಅವತ್ತು ಮಾತ್ರ, "ನಿನ್ನ ನಾಯಿ ಇನ್ನು ನಮ್ಮ ಬೇಲಿ ದಾಟಕೂಡದು" ಅಂತ ಎಲ್ಲರೆದುರು ಬೀರಪ್ಪನಿಗೆ ಹೇಳಿದರು. ಬೀರಪ್ಪ ಬಾಂಡ್ಲಿ ನೋಡಿದ, ನನ್ನನ್ನು ನೋಡಿದ. ನನ್ನ ಸೆರಗಿಗೆ ಅಂಟಿದ ರಾಗಿಯನ್ನೂ ನೋಡಿದ. "ಆಗ್ಲಿ ಬುಡಿ ಗೌಡ್ರೆ" ಅಂದ. ಅವರು ಒಳಗೆ ಹೋದಮೇಲೆ ನನಗೆ ಹೇಳಿದ್ದಿಷ್ಟೆ:

"ನಾಯಿ ಹೆಸರು ಕೆಟ್ರೆ ಕೆಡ್ಲಿ. ಅದಕ್ಕೇನು ಮಗಳ ಮದುವೆ ಮಾಡಾದೈತಾ? ಆ ಬಾಂಡ್ಲಿ ಒಳೀಕೆ ತಗಳಿ. ಜಿಂಕೆ ಚೆಂದಾಗಬೇಕಾ? ನನ್ನ ಕುರಿ ತೋಟದೊಳೀಕೆ ಬುಟ್ಕಳಿ. ಗುಡ್ಡದ ಹುಲ್ಲು ಅವಕ್ಕೆ ಉಳೀತದೆ."

ಎಷ್ಟು ಸರಳ! ಮೊದಲೆಲ್ಲ ಬೇಸಿಗೆಯಲ್ಲಿ ಬೀರಪ್ಪ ನಮ್ಮ ತೋಟದಲ್ಲೇ ಮಂದೆ ಹಾಕುತ್ತಿದ್ದ. ಕುರಿಗೆ ಮರದಡಿಯ ಹಸಿರು, ತೆಂಗಿಗೆ ಗೊಬ್ಬರ. ಹೊಸ ಸಸಿಗಳನ್ನು ಮೇಯುತ್ತವೆಂದು ಅದನ್ನು ನಿಲ್ಲಿಸಿದ್ದವಳು ನಾನೇ. ಕುರಿಗಳು ಗುಡ್ಡಕ್ಕೆ ಹೋದವು, ಜಿಂಕೆಯ ಹುಲ್ಲು ಹೋಯಿತು, ಕಟ್ಟೆಯ ನೀರು ಕೆಸರಾಯಿತು. ಅದರಿಂದ ಬಡವಾದ ಜಿಂಕೆಗಳಿಗೆ ನಾನು ಡಯಟ್ ಚಾರ್ಟ್ ಬರೆಯುತ್ತಿದ್ದೆ.

ಬೇಲಿಯ ಗೇಟು ತೆಗೆಸಿದೆ. ಸಸಿಗಳಿಗೆ ಮುಳ್ಳು ಸುತ್ತಿಸಿದರೂ ಅರ್ಧ ಕುರಿಬಾಯಿಗೆ ಹೋದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೆಣ್ಣು ಜಿಂಕೆಗಳ ಮೈ ತುಂಬಿತು, ಮರಿಗಳು ನೆಗೆದಾಡಿದವು, ಗಂಡಿನ ಕಪ್ಪು ಮಿರುಗಿತು. ಬೀರಪ್ಪ ಮಾತ್ರ ಮಂದೆ ತರುವಾಗಲೆಲ್ಲ ನಾಯಿಯನ್ನು ರಸ್ತೆಯ ಹುಣಸೆಮರಕ್ಕೆ ಕಟ್ಟಿ ಬರುತ್ತಿದ್ದ. ಅದು ಸಂಜೆವರೆಗೆ ಕುಂಯ್‌ಗುಡುವುದು ನನ್ನ ರೂಮಿಗೆ ಕೇಳುತ್ತಿತ್ತು. ವರ್ಷಗಳು ಉರುಳಿ ಯಜಮಾನರು ತೀರಿಕೊಂಡರು, ಬೀರಪ್ಪನೂ ಹೋದ. ನಾನು ನಿಜ ಹೇಳಲಿಲ್ಲ. "ಬೀರಪ್ಪನ ನಾಯಿ ಕೊಂದ ಜಿಂಕೆ" ನಮ್ಮ ಮನೆಯ ಕಥೆಯಾಗಿ ನಿಂತುಬಿಟ್ಟಿತು.

ಕಳೆದ ಮಳೆಗಾಲದಲ್ಲಿ ಸುಧಾ ತೋಟದಲ್ಲಿ ಹೊಸ ಸಸಿ ನೆಟ್ಟಳು. ಬೀರಪ್ಪನ ಮಗನ ಮಂದೆ ಇನ್ನು ಒಳಗೆ ಬೇಡ ಅಂದಳು. ನಾನೂ ಹೂಂ ಅಂದಿದ್ದೆ. ಕುರಿಗಳು ಮತ್ತೆ ಗುಡ್ಡ ಹತ್ತಿದ್ದವು.

ಸಂಜೆ ಅವಳು ಬಾಂಡ್ಲಿ ಎತ್ತಿಕೊಂಡಾಗ ಬೇಲಿಯವರೆಗೆ ಹಿಂದೆಯೇ ಓಡಿದೆ, ಈ ಮಂಡಿ ಇಟ್ಟುಕೊಂಡು.

"ಇಡಬೇಡ ಕಣೇ. ಆ ಜಿಂಕೆ ಸತ್ತದ್ದು ನಾಯಿಯಿಂದ ಅಲ್ಲ. ಇದರಿಂದ. ನಾನು ಇಟ್ಟದ್ದು."

"ಮತ್ತೆ ಆ ನಾಯಿ?" ಅಂದಳು ಸುಧಾ. ಅವಳು ಬಾಂಡ್ಲಿಯನ್ನು ತಿಪ್ಪೆಗುಂಡಿಗೆ ಬಗ್ಗಿಸಿ, ಮಣ್ಣು ಎಳೆದು ಮುಚ್ಚಿದಳು. ಆಮೇಲೆ ತನ್ನ ಸಸಿಗಳ ಸಾಲನ್ನೊಮ್ಮೆ ನೋಡಿ, ಫೋನ್ ತೆಗೆದು ಬೀರಪ್ಪನ ಮಗನ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು. "ನೀವೇ ಮಾತಾಡಿ."

"ಮಂದೆ ನಾಳೆಯಿಂದ ತೋಟಕ್ಕೆ ತಾರಪ್ಪ," ಅಂದೆ.

"ಆಗ್ಲಿ ಅಮ್ಮಾರೆ. ನಾಯೀನ ಹುಣಸೆಮರಕ್ಕೆ ಕಟ್ಟಿ ಬತ್ತೀನಿ ಬುಡಿ," ಅಂದ. ಅಪ್ಪನಿಂದ ಕಲಿತ ಮಾತು.

"ಕಟ್ಟಬೇಡ," ಅಂದೆ. "ಒಳಗೆ ಕರ್ಕೊಂಡು ಬಾ. ಯಾಕೆ ಅಂತ ಬಂದಾಗ ಹೇಳ್ತೀನಿ. ನಿಮ್ಮಪ್ಪನಿಗೆ ಹೇಳಬೇಕಾಗಿತ್ತು."